ಒಂದು ಚುಕ್ಕಿಗೆ ಒಂದು ನಿಮಿಷ: 137 ಕಿಲೋಹರ್ಟ್ಜ್‌ನಲ್ಲಿ ಸಾಗರದಾಚೆಯ ಮೋರ್ಸ್ ಹಿಡಿಯುವುದು ಹೇಗೆ

ಭಾರತದ ಎಷ್ಟೋ ಹ್ಯಾಮ್‌ಗಳ, ಅಂದರೆ ಹವ್ಯಾಸಕ್ಕೆ ರೇಡಿಯೊ ನಡೆಸುವವರ, ಕಾಲ್‌ಸೈನ್ (ರೇಡಿಯೊದಲ್ಲಿ ಅವರ ಗುರುತಿನ ಹೆಸರು) ಶುರುವಾಗುವುದೇ 'ವಿಯು2' ಅಂತ. ಮೋರ್ಸ್ ಕೀ ಹಿಡಿದವರು ನಿಧಾನವಾಗಿ ಬಡಿದರೂ ಇಷ್ಟನ್ನು ಕಳಿಸಲು ನಾಲ್ಕು ಸೆಕೆಂಡ್ ಸಾಕು. ನಾನಿಲ್ಲಿ ಹೇಳಹೊರಟ ಪದ್ಧತಿಯಲ್ಲಿ ಅದಕ್ಕೆ 37 ನಿಮಿಷ ಬೇಕು. ಒಂದು ಚುಕ್ಕಿಗೆ ಒಂದು ನಿಮಿಷ, ಒಂದು ಗೆರೆಗೆ ಮೂರು ನಿಮಿಷ. ಕಿವಿಗೆ ಏನೂ ಕೇಳಿಸುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ರಂಗೋಲಿ ಬಿಟ್ಟ ಹಾಗೆ ಚುಕ್ಕಿ, ಗೆರೆ ಮೂಡುತ್ತವೆ. ಅದನ್ನು ಕಣ್ಣಲ್ಲಿ ಓದಬೇಕು.

ಹ್ಯಾಮ್‌ಗಳು ಇದಕ್ಕೆ ಕ್ಯೂಆರ್‌ಎಸ್‌ಎಸ್ ಅನ್ನುತ್ತಾರೆ. ಮೋರ್ಸ್ ಭಾಷೆಯಲ್ಲಿ 'ಕ್ಯೂಆರ್‌ಎಸ್' ಅಂದರೆ 'ಸ್ವಲ್ಪ ನಿಧಾನವಾಗಿ ಕಳಿಸಿ' ಅಂತ. ಇನ್ನೊಂದು 'ಎಸ್' ಸೇರಿಸಿದರೆ ಇನ್ನೂ ನಿಧಾನ. ಹಿಂದೆ ಬರುವ ಅಂಕಿ ಒಂದು ಚುಕ್ಕಿ ಎಷ್ಟು ಸೆಕೆಂಡ್ ಅನ್ನುವುದನ್ನು ಹೇಳುತ್ತದೆ. ಕ್ಯೂಆರ್‌ಎಸ್‌ಎಸ್3 ಅಂದರೆ ಮೂರು ಸೆಕೆಂಡಿನ ಚುಕ್ಕಿ, ಕ್ಯೂಆರ್‌ಎಸ್‌ಎಸ್60 ಅಂದರೆ ಪೂರಾ ಒಂದು ನಿಮಿಷ.

ನಾನಿರುವುದು ಇಂಗ್ಲೆಂಡಿನ ಪಶ್ಚಿಮದ ಒಂದು ಸಣ್ಣ ಊರಲ್ಲಿ. ಹಿತ್ತಲು ಅಂದರೆ ಬಟ್ಟೆ ಒಣಹಾಕುವಷ್ಟು ಜಾಗ. ಅಲ್ಲಿಂದಲೇ ಚಳಿಗಾಲದ ರಾತ್ರಿಗಳಲ್ಲಿ ಅಟ್ಲಾಂಟಿಕ್ ಆಚೆಯ ಸಿಗ್ನಲ್ ಹಿಡಿಯುತ್ತೇನೆ. ದೊಡ್ಡ ಟವರ್ ಇಲ್ಲ, ದುಬಾರಿ ರೇಡಿಯೊನೂ ಇಲ್ಲ. ಯುರೋಪಿನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ಇದನ್ನು ನೇರವಾಗಿ ಮಾಡಿ ನೋಡಬಹುದು. ಊರಲ್ಲೇ ಇರುವವರಿಗೂ ದಾರಿ ಇದೆ, ಹೇಳುತ್ತೇನೆ.

ಯಾಕಿಷ್ಟು ನಿಧಾನ?

ಹ್ಯಾಮ್‌ಗಳಿಗೆ ಸಿಕ್ಕ ಅತಿ ಕೆಳಗಿನ ಅಂತರರಾಷ್ಟ್ರೀಯ ಬ್ಯಾಂಡ್ 135.7ರಿಂದ 137.8 ಕಿಲೋಹರ್ಟ್ಜ್. ಅಗಲ ಬರೀ 2.1 ಕಿಲೋಹರ್ಟ್ಜ್. ನಮ್ಮ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612ರಲ್ಲಿದೆ, ಧಾರವಾಡದ್ದು 765ರಲ್ಲಿ. ಅವಕ್ಕಿಂತಲೂ ಎಷ್ಟೋ ಕೆಳಗೆ ಇದು. ಇಲ್ಲಿ ಒಂದು ಅಲೆಯ ಉದ್ದ ಸುಮಾರು 2.2 ಕಿಲೋಮೀಟರ್. ಸರಿಯಾದ ಕಾಲುಭಾಗದ ಆಂಟೆನಾ ನಿಲ್ಲಿಸಬೇಕು ಅಂದರೆ 550 ಮೀಟರ್ ಎತ್ತರ ಬೇಕು. ಹಿತ್ತಲಲ್ಲಿ ನಿಲ್ಲುವುದು 10–15 ಮೀಟರ್ ಕಂಬ. ಅದಕ್ಕೆ ನೂರಾರು ವ್ಯಾಟ್ ಸುರಿದರೂ ಆಕಾಶಕ್ಕೆ ಹೋಗುವುದು ಚಿಟಿಕೆಯಷ್ಟು. ಉಳಿದದ್ದು ಕಾಯಿಲ್‌ಗೂ ನೆಲಕ್ಕೂ ಬಿಸಿ. ನಿಯಮವೂ ಜಾಸ್ತಿ ಬಿಡುವುದಿಲ್ಲ: ಹೊರಸೂಸುವ ಶಕ್ತಿ 1 ವ್ಯಾಟ್ ಮೀರುವಂತಿಲ್ಲ.

ಹಾಗಾದರೆ 1 ವ್ಯಾಟಿನಲ್ಲಿ ಸಾಗರ ದಾಟುವುದು ಹೇಗೆ? ಬಾಗಿಲು ಪೂರ್ತಿ ತೆಗೆದಿಟ್ಟರೆ ಬೀದಿಯ ಧೂಳೆಲ್ಲ ಒಳಗೆ. ಕಿಂಡಿಯಷ್ಟು ತೆಗೆದರೆ ಧೂಳೂ ಅಷ್ಟೇ. ರೇಡಿಯೊದಲ್ಲಿ ಧೂಳು ಅಂದರೆ ಸದ್ದು, ಬಾಗಿಲು ಅಂದರೆ ಬ್ಯಾಂಡ್‌ವಿಡ್ತ್. ನಿಮಿಷಕ್ಕೆ 12 ಪದದ ಮೋರ್ಸ್‌ನಲ್ಲಿ ಒಂದು ಚುಕ್ಕಿ 0.1 ಸೆಕೆಂಡ್. ಅದನ್ನು 60 ಸೆಕೆಂಡಿಗೆ ಎಳೆದರೆ ಬಾಗಿಲನ್ನು 600 ಪಟ್ಟು ಕಿರಿದು ಮಾಡಬಹುದು. ಲಾಭ ಸುಮಾರು 28 ಡೆಸಿಬೆಲ್. ಅಂದರೆ 1 ವ್ಯಾಟು 600 ವ್ಯಾಟಿನ ಕೆಲಸ ಮಾಡಿದ ಹಾಗೆ. ಅದಕ್ಕೆ ಕೊಡಬೇಕಾದ ಬೆಲೆ ಸಮಯ.

ಆ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ 2001ರ ಫೆಬ್ರವರಿ ನೆನಪಿಸಿಕೊಳ್ಳಬೇಕು. ಆಗ ಇಂಗ್ಲೆಂಡಿನ ಒಬ್ಬರು, ಕೆನಡಾದ ಒಬ್ಬರು ಈ ಬ್ಯಾಂಡಿನಲ್ಲಿ ಅಟ್ಲಾಂಟಿಕ್ ಮೇಲೆ ಮೊದಲ ಬಾರಿಗೆ ಎರಡೂ ಕಡೆಯಿಂದ ಮಾತಾಡಿದರು. ಮಾತು ಅಂದರೆ ಕಾಲ್‌ಸೈನ್ ಮತ್ತು ಒಂದು ಅಕ್ಷರದ ವರದಿ, ಅಷ್ಟೇ. ಅದು ಮುಗಿಯಲು ಸುಮಾರು ಎರಡು ವಾರ ಹಿಡಿಯಿತು.

ಇಲ್ಲಿ ನಾವು ಬರೀ ಕೇಳುವ ಕೆಲಸ ಮಾಡೋಣ. ಕಳಿಸಬೇಕು ಅಂದರೆ ಪರೀಕ್ಷೆ, ಲೈಸೆನ್ಸ್, ಆಯಾ ದೇಶದ ನಿಯಮ ಎಲ್ಲ ಬೇಕು. ಅದು ಬೇರೆಯೇ ಕಥೆ.

ಮೊದಲು ದುಡ್ಡು ಖರ್ಚಿಲ್ಲದೆ ನೋಡಿ

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ವೆಬ್‌ಎಸ್‌ಡಿಆರ್, ಅಂದರೆ ನೆಟ್ ಮೂಲಕ ಕೇಳಬಹುದಾದ ರಿಸೀವರ್ ಇದೆ. ಬ್ರೌಸರಿನಲ್ಲೇ ತೆರೆದು ಸೊನ್ನೆಯಿಂದ 29 ಮೆಗಾಹರ್ಟ್ಜ್ ತನಕ ಎಲ್ಲಿ ಬೇಕಾದರೂ ತಿರುಗಿಸಬಹುದು. ಕಿವಿಎಸ್‌ಡಿಆರ್ ಅನ್ನುವ ರಿಸೀವರ್‌ಗಳೂ ಪ್ರಪಂಚದ ತುಂಬ ಇವೆ. ಅವೂ 10 ಕಿಲೋಹರ್ಟ್ಜ್‌ನಿಂದಲೇ ಶುರು. ಮಂಡ್ಯದಲ್ಲೋ ಶಿರಸಿಯಲ್ಲೋ ಕೂತು ಐರ್ಲೆಂಡಿನ ಕಿವಿ ಎರವಲು ಪಡೆಯಬಹುದು ಅಂದರೆ ಕಮ್ಮಿ ಮಾತೇನಲ್ಲ.

ಮೋಡ್ ಯುಎಸ್‌ಬಿ ಮಾಡಿ. ಪೆನ್‌ಡ್ರೈವ್ ಚುಚ್ಚುವ ತೂತಲ್ಲ, ಅಪ್ಪರ್ ಸೈಡ್‌ಬ್ಯಾಂಡ್. ಡಯಲ್ ಅನ್ನು ಸರಿಯಾಗಿ 136.000 ಕಿಲೋಹರ್ಟ್ಜ್‌ಗೆ ಇಡಿ. ಈಗ 137.7ರಲ್ಲಿ ಬರುವ ಸಿಗ್ನಲ್ ನಿಮ್ಮ ಸ್ಪೀಕರಿನಲ್ಲಿ 1700 ಹರ್ಟ್ಜ್ ಸ್ವರ. ಕ್ಯೂಆರ್‌ಎಸ್‌ಎಸ್ ಜಾಸ್ತಿ ಸಿಗುವುದು ಬ್ಯಾಂಡಿನ ಮೇಲಿನ ತುದಿಯಲ್ಲಿ. ಅಂದರೆ 1600–1800 ಹರ್ಟ್ಜ್ ನಡುವೆ ಕಣ್ಣಿಟ್ಟರೆ ಸಾಕು. ಆಡಿಯೊ ಕಂಪ್ರೆಶನ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಸಣ್ಣ ಗೆರೆಗಳೇ ಮೊದಲು ಕರಗಿ ಹೋಗುತ್ತವೆ.

ಬ್ರೌಸರಿನ ಸದ್ದನ್ನು ವರ್ಚುವಲ್ ಆಡಿಯೊ ಕೇಬಲ್ (ಒಂದು ಪ್ರೋಗ್ರಾಮಿನ ಸದ್ದನ್ನು ಇನ್ನೊಂದಕ್ಕೆ ದಾಟಿಸುವ ಸಾಫ್ಟ್‌ವೇರ್) ಮೂಲಕ ಆರ್ಗೋಗೆ ಕೊಡಿ. ಆರ್ಗೋ ಅಂದರೆ ಸದ್ದನ್ನು ಪರದೆಯ ಮೇಲೆ ಚಿತ್ರವಾಗಿ ಬಿಡಿಸುವ ಉಚಿತ ಪ್ರೋಗ್ರಾಮ್. ಇಟಲಿಯ ಹ್ಯಾಮ್‌ಗಳು ಇದನ್ನು ಕ್ಯೂಆರ್‌ಎಸ್‌ಎಸ್‌ಗೆಂದೇ ಬರೆದರು. ಚುಕ್ಕಿಯ ವೇಗ ಆರಿಸಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನೆಟ್ ಮಧ್ಯೆ ಮಧ್ಯೆ ಕಡಿದರೆ ಗೆರೆಯೂ ಕಡಿಯುತ್ತದೆ, ಎಷ್ಟೋ ರಿಸೀವರ್‌ಗಳಲ್ಲಿ ಸಮಯದ ಮಿತಿಯೂ ಇರುತ್ತದೆ. ಆದರೂ ಕಣ್ಣು ಪಳಗಿಸಲು ಇದು ಒಳ್ಳೆಯದು.

ಊರಲ್ಲಿದ್ದು ಸ್ವಂತ ತಂತಿಯಲ್ಲೇ ಹಿಡಿಯಬೇಕು ಅನ್ನುವವರು 10.140 ಮೆಗಾಹರ್ಟ್ಜ್ ಸುತ್ತ ನೋಡಿ. ಅಲ್ಲಿ 1 ವ್ಯಾಟಿಗೂ ಕಮ್ಮಿ ಶಕ್ತಿಯ ಪುಟ್ಟ ಬೀಕನ್‌ಗಳು 3 ಅಥವಾ 6 ಸೆಕೆಂಡಿನ ಚುಕ್ಕಿ ಕಳಿಸುತ್ತಿರುತ್ತವೆ. ಟೆರೇಸಿನ ಮೇಲೆ ಹತ್ತು ಮೀಟರ್ ತಂತಿ ಎಳೆದರೂ ಪ್ರಯತ್ನಿಸಬಹುದು.

ಆಮೇಲೆ ಮನೆ ಸುಮ್ಮನಾಗಿಸಿ

ಹೊಸಬರು ಮೊದಲು ಕೇಳುವುದು 'ಯಾವ ರೇಡಿಯೊ ತಗೊಳ್ಳಲಿ?' ಅಂತ. ನಾನು ಹೇಳುವುದು, ಮೊದಲು ನಿಮ್ಮ ಮನೆಯ ಚಾರ್ಜರ್‌ಗಳನ್ನು ಎಣಿಸಿ.

ಚಿಕ್ಕಂದಿನಲ್ಲಿ ಪ್ರದೇಶ ಸಮಾಚಾರ ಬರುವಾಗ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ರೇಡಿಯೊ ಗೊರ್ ಅನ್ನುತ್ತಿತ್ತು, ನೆನಪಿದೆಯಾ? ಈಗ ಮಿಕ್ಸಿ ಒಂದೇ ಅಲ್ಲ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ರೂಟರ್, ಟಿವಿ, ಸೋಲಾರ್ ಇನ್ವರ್ಟರ್, ಎಲ್ಲದರೊಳಗೂ ಹತ್ತಾರು ಸಾವಿರ ಸಲ ಆನ್-ಆಫ್ ಆಗುವ ಸ್ವಿಚ್ಚಿಂಗ್ ಸಪ್ಲೈ ಇದೆ. ಬಹಳಷ್ಟು ಸಪ್ಲೈಗಳು ಕೆಲಸ ಮಾಡುವುದೇ 50–150 ಕಿಲೋಹರ್ಟ್ಜ್ ಸುಮಾರಿಗೆ. ಅಂದರೆ ಸರಿಯಾಗಿ ನಮ್ಮ ಬ್ಯಾಂಡಿನ ಅಂಗಳದಲ್ಲೇ. ನಾಲ್ಕು ಸಾವಿರ ಕಿಲೋಮೀಟರ್ ಆಚೆಯ 1 ವ್ಯಾಟ್ ಒಂದು ಕಡೆ, ನಾಲ್ಕು ಮೀಟರ್ ಆಚೆಯ ಚಾರ್ಜರ್ ಇನ್ನೊಂದು ಕಡೆ. ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಾ?

ಕೆಲಸ ಹೀಗೆ ಮಾಡಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ರಿಸೀವರ್ ಹಚ್ಚಿ, ವಾಟರ್‌ಫಾಲ್ (ಸಿಗ್ನಲ್‌ಗಳು ಗೆರೆಗಳಾಗಿ ಸರಿಯುತ್ತಾ ಹೋಗುವ ಪರದೆಯ ಚಿತ್ರ) ನೋಡುತ್ತಾ ಕೂರಿ. ಮನೆಯವರಿಗೆ ಮೊದಲೇ ಹೇಳಿ ಮೇನ್ ಸ್ವಿಚ್ ಆಫ್ ಮಾಡಿಸಿ. ಪರದೆ ಒಂದೇ ಸಲಕ್ಕೆ ಕಪ್ಪಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಕಪ್ಪಾಗದಿದ್ದರೆ ಪಕ್ಕದ ಮನೆ ಅಥವಾ ಬೀದಿ. ಈಗ ಒಂದೊಂದೇ ಸರ್ಕ್ಯೂಟ್ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಗೆರೆ ಎದ್ದಿತು ಅಂತ ಬರೆದಿಡಿ. ನಮ್ಮ ಮನೆಯಲ್ಲಿ ಈ ಪಟ್ಟಿ ಹನ್ನೊಂದು ಸಾಮಾನಿನದ್ದಾಯಿತು. ಅದರಲ್ಲಿ ಒಂಬತ್ತನ್ನು ರಾತ್ರಿ ಪ್ಲಗ್ ಕಿತ್ತಿಡುತ್ತೇನೆ. ರೂಟರಿನ ಅಡಾಪ್ಟರ್ ಬದಲಾಯಿಸಿ, ಹಳೇ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಸಪ್ಲೈ ಹಾಕಿದೆ.

ಹನ್ನೊಂದನೆಯದು ಫ್ರಿಜ್. ಅದರ ಕಥೆ ಹೇಳಲೇಬೇಕು. ಮೊದಲ ಚಳಿಗಾಲ. ರಾತ್ರಿ ಎರಡೂವರೆ. 1712 ಹರ್ಟ್ಜ್‌ನಲ್ಲಿ ಅಂದವಾದ ಒಂದು ಗೆರೆ ಶುರುವಾಯಿತು. ಸುಮಾರು ಹತ್ತು ನಿಮಿಷ ಬಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು. ಗೆರೆ, ಬಿಡುವು, ಗೆರೆ. ಯಾರೋ ಕೆನಡಾದಿಂದ ಬಲು ನಿಧಾನವಾಗಿ 'ಎಂ' ಬರೆಯುತ್ತಿದ್ದಾರೆ ಅಂತ ಚಹಾ ಮಾಡಿಕೊಂಡು ಕಾದು ಕೂತೆ. ಬೆಳಗಿನ ಜಾವ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಫ್ರಿಜ್ಜಿನ ಮೋಟರ್ ನಿಂತಿತು. ವಾಪಸ್ ಬಂದು ನೋಡಿದರೆ ಪರದೆಯಲ್ಲಿ ಗೆರೆಯೂ ನಿಂತಿತ್ತು. ಆ ರಾತ್ರಿ ಪೂರ್ತಿ ನನ್ನ ಜೊತೆ ಮಾತಾಡಿದ್ದು ಮೊಸರು, ಸೊಪ್ಪು ಇಟ್ಟಿದ್ದ ಫ್ರಿಜ್.

ಅಸಲಿ ಸಿಗ್ನಲ್ ಗುರುತಿಸುವುದು ಹೇಗೆ ಅಂದರೆ, ಅದು ದಾರ ಎಳೆದ ಹಾಗೆ ನೇರ ಇರುತ್ತದೆ. ಚುಕ್ಕಿಗಳ ಅಳತೆ ಗಡಿಯಾರಕ್ಕೆ ಸರಿಯಾಗಿ ಹೊಂದುತ್ತದೆ. ಮನೆಯ ಕಳ್ಳ ಬಿಸಿಯಾದಂತೆ ಅಡ್ಡಾದಿಡ್ಡಿ ಸರಿಯುತ್ತಾನೆ. ಎರಡೂ ಪಕ್ಕ 50 ಅಥವಾ 100 ಹರ್ಟ್ಜ್ ದೂರದಲ್ಲಿ ತಮ್ಮಂದಿರನ್ನೂ ಕರೆದುಕೊಂಡು ಬರುತ್ತಾನೆ.

ಲೂಪ್ ಕಟ್ಟುವುದು

ಉದ್ದ ತಂತಿಗಿಂತ ಲೂಪ್ ಆಂಟೆನಾ ನನಗೆ ಇಷ್ಟ. ಕಾರಣ ಒಂದೇ: ಅದನ್ನು ತಿರುಗಿಸಿ ಸದ್ದನ್ನು ಅಡಗಿಸಬಹುದು.

1.4 ಮೀಟರಿನ ಎರಡು ಮರದ ಪಟ್ಟಿ ತಗೊಂಡು ಗಾಳಿಪಟದ ಕಡ್ಡಿಯ ಹಾಗೆ ಅಡ್ಡ ಕೂಡಿಸಿ. ನಾಲ್ಕು ತುದಿಯಲ್ಲೂ 5 ಮಿಲಿಮೀಟರಿಗೊಂದು ಗರಗಸದ ಗಾಯ ಮಾಡಿ. ಅವುಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು 20 ಸುತ್ತು ಸುತ್ತಿ. ಬದಿ ಒಂದು ಮೀಟರ್ ಬರುತ್ತದೆ, ತಂತಿ 80 ಮೀಟರ್ ಬೇಕು. ಹೀಗೆ ಸುತ್ತಿದರೆ ಇಂಡಕ್ಟನ್ಸ್ 1 ಮಿಲಿಹೆನ್ರಿ ಆಸುಪಾಸು. 137 ಕಿಲೋಹರ್ಟ್ಜ್‌ಗೆ ಶ್ರುತಿ ಕೂಡಲು ಅದಕ್ಕೆ 1300–1400 ಪಿಕೋಫ್ಯಾರಡ್ ಕೆಪಾಸಿಟರ್ ಬೇಕು. 1000ದ ಒಂದನ್ನು ಕಾಯಂ ಹಾಕಿ, ಪಕ್ಕದಲ್ಲಿ ಹಳೇ ರೇಡಿಯೊದಲ್ಲಿ ಸ್ಟೇಷನ್ ಹುಡುಕಲು ತಿರುಗಿಸುತ್ತಿದ್ದ ಗ್ಯಾಂಗ್ ಕಂಡೆನ್ಸರನ್ನು ಪ್ಯಾರಲಲ್ ಜೋಡಿಸಿ. ಅದರ ಎರಡೂ ಭಾಗ ಸೇರಿಸಿಕೊಳ್ಳಿ. ನನ್ನದು ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೂಟ್‌ಕೇಸಿನಲ್ಲಿ, ಚಟ್ನಿಪುಡಿ ಡಬ್ಬಿಯ ಪಕ್ಕ ಬಂದದ್ದು. ಕಾಯಂ ಕೆಪಾಸಿಟರ್ ಅಗ್ಗದ ಸೆರಾಮಿಕ್ ಬೇಡ. ಚಳಿಗೆ ಬೆಲೆ ಬದಲಾಗಿ ಶ್ರುತಿ ತಪ್ಪುತ್ತದೆ. ಪಾಲಿಸ್ಟೈರೀನ್ ಅಥವಾ ಎನ್‌ಪಿ0 ಹಾಕಿ.

ಇಷ್ಟನ್ನು ನೇರವಾಗಿ ರಿಸೀವರಿಗೆ ಕೊಡಬೇಡಿ. ಅದೇ ಚೌಕಟ್ಟಿನಲ್ಲಿ ಬೇರೆ ತಂತಿಯಲ್ಲಿ ಒಂದೇ ಒಂದು ಸುತ್ತು ಹಾಕಿ, ಅದರ ಎರಡು ತುದಿಗಳನ್ನು ಕೋಆಕ್ಸ್ ಕೇಬಲ್‌ಗೆ ಬೆಸೆಯಿರಿ. ಗ್ಯಾಂಗ್ ತಿರುಗಿಸುತ್ತಾ ಹೋದರೆ ಒಂದು ಕಡೆ ವಾಟರ್‌ಫಾಲ್ ಪೂರ್ತಿ ಬೆಳಗುತ್ತದೆ. ಅದೇ ಶ್ರುತಿ. ಆಂಟೆನಾ ಕಿತ್ತಾಗ ಪರದೆ ಕಪ್ಪು, ಹಾಕಿದಾಗ ಬೆಳಕು ಅಂತಾದರೆ ಸಾಕು, ಇನ್ನು ಆಂಪ್ಲಿಫೈಯರ್ ಹಾಕಿ ಪ್ರಯೋಜನ ಇಲ್ಲ. ಬೆಳಗದಿದ್ದರೆ ಮಾತ್ರ ಒಂದು ಪ್ರಿಆಂಪ್ ಬೇಕು.

ಲೂಪಿನ ಅಂಚು ನೋಡುವ ದಿಕ್ಕಿನಿಂದ ಚೆನ್ನಾಗಿ ಕೇಳುತ್ತದೆ. ಮುಖದ ಕಡೆಯಿಂದ ಕಿವುಡು. ಆ ಕಿವುಡು ದಿಕ್ಕು ಬಹಳ ಕಿರಿದು. ಅದನ್ನು ಕಳ್ಳನ ಕಡೆಗೆ ತಿರುಗಿಸಿಟ್ಟು ಬಿಡಿ. ಕೆನಡಾ ಕಡೆಗೆ ಅಂಚು ಸರಿಯಾಗಿ ಕೂರದೆ ಸ್ವಲ್ಪ ನಷ್ಟವಾದರೂ ಪರವಾಗಿಲ್ಲ.

ರಿಸೀವರ್ ಮತ್ತು ಪರದೆ

ಎಸ್‌ಡಿಆರ್‌ಪ್ಲೇ ಆರ್‌ಎಸ್‌ಪಿ1ಎ, ಏರ್‌ಸ್ಪೈ ಎಚ್‌ಎಫ್‌ಪ್ಲಸ್ ಡಿಸ್ಕವರಿ ಇಂಥವು ಇಷ್ಟು ಕೆಳಗೂ ಕೇಳಿಸಿಕೊಳ್ಳುತ್ತವೆ. ಹ್ಯಾಮ್ ರೇಡಿಯೊಗಳಲ್ಲಿ ಎಷ್ಟೋ ಮಾದರಿಗಳು ಡಯಲಿನಲ್ಲಿ 136 ತೋರಿಸಿದರೂ ಅಲ್ಲಿ ಅರ್ಧ ಕಿವುಡು. ನೋಡಿ ತಗೊಳ್ಳಿ.

ಫ್ರೀಕ್ವೆನ್ಸಿ ಸ್ಥಿರವಾಗಿರಬೇಕು ಅಂತ ಎಲ್ಲರೂ ಹೆದರಿಸುತ್ತಾರೆ. ಈ ಬ್ಯಾಂಡಿನಲ್ಲಿ ಅಷ್ಟು ಹೆದರಬೇಕಾಗಿಲ್ಲ. ಹತ್ತು ಲಕ್ಷಕ್ಕೆ ಒಂದು ಭಾಗದ ತಪ್ಪು 10 ಮೆಗಾಹರ್ಟ್ಜ್‌ನಲ್ಲಿ 10 ಹರ್ಟ್ಜ್, ಇಲ್ಲಿ 0.14 ಹರ್ಟ್ಜ್ ಅಷ್ಟೇ. ಒಂದು ಗಂಟೆ ಮುಂಚೆ ಆನ್ ಮಾಡಿ ಬೆಚ್ಚಗಾಗಲು ಬಿಡಿ, ಕಿಟಕಿ ಗಾಳಿಯಿಂದ ದೂರ ಇಡಿ. ನಾನು ಶೂ ಡಬ್ಬಿಯೊಳಗೆ ಇಟ್ಟಿದ್ದೇನೆ.

ಎಜಿಸಿ, ಅಂದರೆ ಸದ್ದನ್ನು ತಾನಾಗಿ ಏರಿಸಿ ಇಳಿಸುವ ವ್ಯವಸ್ಥೆ, ಆಫ್ ಮಾಡುವುದನ್ನು ಮರೆಯಬೇಡಿ. ಎಲ್ಲೋ ಮಿಂಚು ಹೊಡೆದಾಗ ಚಟ್ ಅನ್ನುವ ಸದ್ದಿಗೆ ಎಜಿಸಿ ಇಡೀ ರಿಸೀವರನ್ನು ತಗ್ಗಿಸಿಬಿಡುತ್ತದೆ. ಒಂದು ನಿಮಿಷದ ಚುಕ್ಕಿಗೆ ತೂತು ಬೀಳುತ್ತದೆ. ನಾಯ್ಸ್ ರಿಡಕ್ಷನ್, ವಿಂಡೋಸ್‌ನ ಸೌಂಡ್ ಎನ್ಹಾನ್ಸ್‌ಮೆಂಟ್, ಎಲ್ಲ ಆಫ್.

ಆರ್ಗೋ ಅಭ್ಯಾಸ ಆದಮೇಲೆ ಸ್ಪೆಕ್ಟ್ರಮ್ ಲ್ಯಾಬ್‌ಗೆ ಬನ್ನಿ. ಇದೂ ಉಚಿತ, ಜರ್ಮನಿಯ ಹ್ಯಾಮ್ ಒಬ್ಬರು ಬರೆದದ್ದು. ಮೊದಲ ಸಲ ತೆರೆದಾಗ ವಿಮಾನದ ಕಾಕ್‌ಪಿಟ್ ನೋಡಿದ ಹಾಗಾಗುತ್ತದೆ. ಗಮನ ಎರಡು ಅಂಕಿಗಳ ಮೇಲಿರಲಿ: ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುವುದು), ಎಫ್‌ಎಫ್‌ಟಿ ಅಳತೆ (ಒಂದು ನೋಟಕ್ಕೆ ಅಂಥ ಎಷ್ಟು ಅಳತೆ ಸೇರಿಸುವುದು). ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬಾಗಿಲಿನ ಅಗಲ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಒಂದು ನೋಟಕ್ಕೆ ಬೇಕಾದ ಸೆಕೆಂಡ್. ಆ ಸೆಕೆಂಡ್ ನಿಮ್ಮ ಚುಕ್ಕಿಗಿಂತ ಸ್ವಲ್ಪ ಕಮ್ಮಿ ಇರಬೇಕು. ಕ್ಯೂಆರ್‌ಎಸ್‌ಎಸ್3ಕ್ಕೆ 6000 ಮತ್ತು 16384 ಇಡಿ, 2.7 ಸೆಕೆಂಡ್ ಆಯಿತು. ಕ್ಯೂಆರ್‌ಎಸ್‌ಎಸ್60ಕ್ಕೆ 12000ವನ್ನು 16ರಿಂದ ಡೆಸಿಮೇಟ್ ಮಾಡಿ 750ಕ್ಕೆ ಇಳಿಸಿ, ಎಫ್‌ಎಫ್‌ಟಿ 32768 ಇಡಿ. ಸುಮಾರು 44 ಸೆಕೆಂಡ್, ಬಾಗಿಲು 0.023 ಹರ್ಟ್ಜ್. ನೋಟಗಳು ಒಂದರ ಮೇಲೊಂದು ಬರುವಂತೆ ಇಟ್ಟು, ಗೆರೆ ಸರಿಯುವ ವೇಗ 12 ಸೆಕೆಂಡಿಗೊಂದು ಮಾಡಿದರೆ ಸಾವಿರ ಪಿಕ್ಸೆಲ್ ಪರದೆಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಸುತ್ತದೆ. ಮೂರು ಗಂಟೆಗೊಮ್ಮೆ ಚಿತ್ರ ತಾನಾಗಿ ಸೇವ್ ಆಗುವಂತೆ ಮಾಡಿ ಮಲಗಿ. ಎದ್ದಿದ್ದರೆ ಜಾಸ್ತಿ ಬರುವುದಿಲ್ಲ, ಅದು ನಾನು ಫ್ರಿಜ್ಜಿನಿಂದ ಕಲಿತದ್ದು.

ಎಲ್ಲ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಹೇಗೆ ತಿಳಿಯುವುದು? ಯುರೋಪಿನಲ್ಲಿದ್ದರೆ ಜರ್ಮನಿಯ ಮ್ಯಾಗ್ಡೆಬುರ್ಗ್ ಹತ್ತಿರದ ಡಿಸಿಎಫ್39 ಅನ್ನುವ ಸ್ಟೇಷನ್ 138.83 ಕಿಲೋಹರ್ಟ್ಜ್‌ನಲ್ಲಿ ದಪ್ಪಗೆ ಕೂತಿರುತ್ತದೆ. ನಮ್ಮ ಡಯಲಿನಲ್ಲಿ 2830 ಹರ್ಟ್ಜ್. ಫಿಲ್ಟರ್ ಸ್ವಲ್ಪ ಅಗಲ ಮಾಡಿ ನೋಡಿ. ಅದೇ ಕಾಣಿಸದಿದ್ದರೆ ಕೆನಡಾ ಕನಸು ಬಿಡಿ, ಎಲ್ಲೋ ಬೆಸುಗೆ ಬಿಟ್ಟಿದೆ. ಇನ್ನೊಂದು ಪರೀಕ್ಷೆ ವಿಸ್ಪರ್ (WSPR), ಕಂಪ್ಯೂಟರೇ ಓದುವಂಥ ನಿಧಾನದ ಸಿಗ್ನಲ್. ಅದರ ಡಯಲ್ಲೂ ಇದೇ 136.000, ಸ್ವರ 1400–1600 ಹರ್ಟ್ಜ್. ಡಬ್ಲ್ಯೂಎಸ್‌ಜೆಟಿ-ಎಕ್ಸ್ ಪ್ರೋಗ್ರಾಮ್ ಹಚ್ಚಿಟ್ಟರೆ ಯಾರು, ಎಲ್ಲಿಂದ ಅಂತ ಕಂಪ್ಯೂಟರೇ ಓದಿ ಹೇಳುತ್ತದೆ. ನಿಜ ಹೇಳಬೇಕು ಅಂದರೆ ಈಗ ಈ ಬ್ಯಾಂಡಿನಲ್ಲಿ ಜಾಸ್ತಿ ಜನ ಇರುವುದು ಅಲ್ಲೇ. ಕಂಪ್ಯೂಟರ್ ಓದಿದ ಹೆಸರಿಗಿಂತ ನಾನೇ ಓದಿದ ಒಂದು ಗೆರೆ ನನಗೆ ರುಚಿ. ಅದು ನನ್ನ ಹಟ.

ಯಾವ ರಾತ್ರಿ?

ಹಗಲಲ್ಲಿ ಆಕಾಶದ ಡಿ ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ದಾರಿ ಪೂರ್ತಿ ಕತ್ತಲಿರಬೇಕು. ಡಿಸೆಂಬರಿನಲ್ಲಿ ಇಂಗ್ಲೆಂಡಿಗೂ ಪೂರ್ವ ಕೆನಡಾಕ್ಕೂ ನಡುವೆ ಹೀಗಿರುವುದು ನಮ್ಮ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗೆ. ಚಳಿಗಾಲದ ಇನ್ನೊಂದು ಲಾಭ, ಉತ್ತರದ ಕಡೆ ಗುಡುಗು-ಸಿಡಿಲು ಕಮ್ಮಿ. ಸಿಡಿಲಿನ ಸದ್ದು ಈ ಬ್ಯಾಂಡಿನಲ್ಲಿ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಊರಲ್ಲಿರುವವರಿಗೂ ಡಿಸೆಂಬರ್–ಫೆಬ್ರವರಿಯೇ ಒಳ್ಳೆಯದು. ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಪರದೆ ತುಂಬ ಉದ್ದುದ್ದ ಗೀಟೇ ಕಾಣುವುದು.

ಸೂರ್ಯನ ಕಡೆಯೂ ಒಂದು ಕಣ್ಣಿರಲಿ. ಭೂಕಾಂತದ ಏರಿಳಿತ ತೋರಿಸುವ ಕೆಪಿ ಸೂಚ್ಯಂಕ 5 ಮುಟ್ಟಿದರೆ ಅದು ಬಿರುಗಾಳಿ. ಬಿರುಗಾಳಿ ನಿಂತ ಮೇಲೂ ಕೆಲವು ರಾತ್ರಿ ಅಟ್ಲಾಂಟಿಕ್ ದಾರಿ ಮಂಕಾಗಿಯೇ ಇರುತ್ತದೆ. ಅಂಥ ವಾರ ಲೂಪ್ ರಿಪೇರಿ ಮಾಡಿಕೊಳ್ಳಿ.

ಓದುವುದು, ಬರೆದಿಡುವುದು

ಬೆಳಿಗ್ಗೆ ಕಾಫಿ ಹಿಡಿದು ಚಿತ್ರ ತೆರೆಯಿರಿ. ಹತ್ತಿರದಿಂದ ನೋಡಿದರೆ ಮರಳು ಮರಳು, ಏನೂ ಕಾಣುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಸ್ವಲ್ಪ ಕಿರಿದು ಮಾಡಿ. ಮರಳಿನೊಳಗೆ ಮಾಸಿದ ಗೆರೆಯೊಂದು ಎದ್ದು ಬರುತ್ತದೆ. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಗೆರೆ ಚುಕ್ಕಿಯ ಮೂರರಷ್ಟಿದೆಯಾ ಅಂತ ಪಟ್ಟಿ ಇಟ್ಟು ಅಳೆಯಿರಿ.

ಎರಡು ಮಟ್ಟದಲ್ಲಿ ತುಂಡುಗಳು ಕಂಡರೆ ಗಾಬರಿಯಾಗಬೇಡಿ. ಅದು ಡಿಎಫ್‌ಸಿಡಬ್ಲ್ಯೂ. ಅಲ್ಲಿ ಚುಕ್ಕಿಗೂ ಗೆರೆಗೂ ಒಂದೇ ಉದ್ದ. ಕೆಳಗಿದ್ದರೆ ಚುಕ್ಕಿ, ಮೇಲಿದ್ದರೆ ಗೆರೆ. ಮೊದಲು ಹೇಳಿದ 'ವಿಯು2' ಇದರಲ್ಲಿ ಕಾಲು ಗಂಟೆಯೊಳಗೆ ಮುಗಿಯುತ್ತದೆ.

ವರದಿಗೆ ಮೂರೇ ಅಕ್ಷರ. ಏನೋ ಇದೆ, ಓದಲಾಗದು ಅಂದರೆ 'ಟಿ'. ಅರ್ಧಂಬರ್ಧ ಓದಿದರೆ 'ಎಂ'. ಪೂರ್ತಿ ಓದಿದರೆ 'ಓ'. ಕಳಿಸಿದವರಿಗೆ ಚಿತ್ರದ ಜೊತೆ ದಿನಾಂಕ, ಯುಟಿಸಿ ಸಮಯ, ಫ್ರೀಕ್ವೆನ್ಸಿ, ಚುಕ್ಕಿಯ ವೇಗ, ನಿಮ್ಮ ಆಂಟೆನಾ ಬರೆದು ಕಳಿಸಿ. ಚಿತ್ರಕ್ಕೆ ಬಣ್ಣ ಜಾಸ್ತಿ ಮಾಡಿ ಚಂದ ಮಾಡಬೇಡಿ, ಅವರಿಗೆ ಬೇಕಾದದ್ದು ಮರಳಿನ ಸಮೇತದ ಚಿತ್ರ.

ಖಾಲಿ ರಾತ್ರಿಗಳ ಚಿತ್ರವನ್ನೂ ಅಳಿಸಬೇಡಿ. ಕಳೆದ ಜನವರಿಯಲ್ಲಿ ನನ್ನ ಪರದೆಗೆ ಹೊಸ ಗೆರೆಯೊಂದು ಬಂದು ಕೂತಿತು. ಹಿಂದಿನ ವಾರದ ಚಿತ್ರ ಪಕ್ಕಕ್ಕಿಟ್ಟು ನೋಡಿದೆ. ಮಂಗಳವಾರ ಇಲ್ಲ, ಬುಧವಾರ ಸಂಜೆ ಆರರಿಂದ ಇದೆ. ಪಕ್ಕದ ಮನೆಯವರು ಬುಧವಾರವೇ ಮೀನಿನ ತೊಟ್ಟಿಗೆ ಹೊಸ ದೀಪ ಹಾಕಿದ್ದರು. ಈಗ ಅವರು ರಾತ್ರಿ ಹತ್ತಕ್ಕೆ ಅದನ್ನು ಆರಿಸುತ್ತಾರೆ. ಮೀನುಗಳಿಗೂ ನಿದ್ದೆ ಬೇಕಂತೆ.